ಜರ್ಮನ್ ತಾಟು

ಖತೀಜಾ ಬೀ ಕುವೈತಿಗೆ ಕ್ಯಾಸೆಟ್ಟು ತುಂಬಿಸಲು ಕೂತರೆ ಇಡೀ ಗಲ್ಲಿಗೆ ಗೊತ್ತಾಗುತ್ತಿತ್ತು. ಗಂಡ ಬಂದೇನವಾಜ್ ಅಲ್ಲಿ ಕ್ರೇನು ನಡೆಸುತ್ತಿದ್ದ. ಕಾಗದ ಬರೆಯುವುದು, ಓದುವುದು ಆತನಿಗೆ ಅಷ್ಟಕ್ಕಷ್ಟೇ. ಹೀಗಾಗಿ ತಿಂಗಳಿಗೊಂದು ಕ್ಯಾಸೆಟ್ಟು ಅತ್ತಿಂದ ಬರುವುದು, ಒಂದು ಇತ್ತಿಂದ ಹೋಗುವುದು. ರಜೆಗೆ ಬಂದಾಗ ಆತ ತಂದುಕೊಟ್ಟಿದ್ದ ಟೇಪ್ ರೆಕಾರ್ಡರನ್ನು ಮಂಚದ ಮೇಲಿಟ್ಟು, ಕೆಂಪು ಗುಂಡಿ ಒತ್ತಿದಳೆಂದರೆ ಆಕೆ ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದಳು. ಕುವೈತ್ ಅಂದರೆ ಇಲ್ಲೇ ರಾಯಚೂರಿನ ತೀನ್ ಕಂದೀಲು ಚೌಕದ ಹತ್ತಿರ ಇದೆಯೇ! ಅಷ್ಟು ದೂರ ಮುಟ್ಟಬೇಕೆಂದರೆ ದನಿಯೂ ಅಷ್ಟೇ ಇರಬೇಕು ಎಂಬುದು ಆಕೆಯ ಲೆಕ್ಕ. ಹಾಲು ಹಾಕುವ ಪರಮಣ್ಣ ಒಮ್ಮೆ ಬಾಗಿಲಲ್ಲಿ ನಿಂತು, "ಟೀಚರಮ್ಮಾ, ಕುವೈತಿಗೆ ಕೇಳಿಸ್ತರೀ, ಇನ್ನ ಸಾಕು ಬಿಡ್ರಿ" ಅಂದಿದ್ದ. ಅವತ್ತು ಮಾತ್ರ ಆಕೆ ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು. ಮುಂದಿನ ತಿಂಗಳು ಮತ್ತೆ ಅದೇ ಕೂಗು.

ಅಂಥದೊಂದು ಶುಕ್ರವಾರದ ಕೂಗು ಗೋಪಮ್ಮನ ಕಿವಿಗೂ ಬಿತ್ತು. ಅದನ್ನು ಹೇಳುವ ಮೊದಲು ಗೋಪಮ್ಮ ಯಾರು, ಆ ಮನೆಗೆ ಹೇಗೆ ಬಂದಳು ಎಂಬುದನ್ನು ಹೇಳಬೇಕು.

ದೇವದುರ್ಗ ತಾಲೂಕಿನ ಅರಕೇರಾದ ತಾಯಣ್ಣ ಮತ್ತು ಯಮನಮ್ಮನ ಮಗಳು ಗೋಪಮ್ಮ. ಇಬ್ಬರೂ ಕೂಲಿಯವರು, ಊರಲ್ಲಿ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಕಾಲುವೆ ತೋಡಲು ಹೊರಟುಬಿಡುವವರು. ಅವರ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ಇವಳೇ. ದೇವದುರ್ಗದ ಹೈಸ್ಕೂಲಿನ ಹೆಡ್ ಮಾಸ್ತರ್ ಮಹಾಂತಯ್ಯನವರು ಅಂಕಪಟ್ಟಿಯನ್ನು ಕೈಗಿಟ್ಟು, "ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕವ್ವಾ. ಎರಡ ವರ್ಷ ಹಲ್ಲು ಕಚ್ಚಿ ಓದಿದಿ ಅಂದ್ರ ಮುಂದ ಯಾರ ಹೊಲದಾಗೂ ಬಗ್ಗೂದು ಬ್ಯಾಡ" ಅಂದರು. ರಾಯಚೂರಲ್ಲಿ ಸೀಟು ಸಿಕ್ಕಿತು. ಆದರೆ ಹಾಸ್ಟೆಲ್ಲು ತುಂಬಿಹೋಗಿತ್ತು. ಇರಲು ಜಾಗವಿಲ್ಲದ ಮೇಲೆ ಸೀಟು ತೆಗೆದುಕೊಂಡು ಏನು ಮಾಡುವುದು?

ಮಾಸ್ತರರೇ ಒಂದು ದಾರಿ ಹುಡುಕಿದರು. ಮಾನವಿಯಲ್ಲಿ ಅವರ ಜೊತೆ ಕೆಲಸ ಮಾಡಿ ತೀರಿಕೊಂಡ ಗೆಳೆಯರೊಬ್ಬರ ಮಗಳು ಈ ಖತೀಜಾ ಬೀ. ರಾಯಚೂರಿನ ಒಂದು ಉರ್ದು ಶಾಲೆಯಲ್ಲಿ ಟೀಚರು. ಗಂಡ ಪರದೇಶದಲ್ಲಿ, ಮನೆಯಲ್ಲಿ ಒಂದು ವರ್ಷದ ಹೆಣ್ಣು ಕೂಸು, ಬೆಳಿಗ್ಗೆ ಏಳಕ್ಕೇ ಶಾಲೆ. ಕೂಸನ್ನು ನಂಬಿ ಬಿಟ್ಟುಹೋಗಲು ಒಬ್ಬರು ಬೇಕಿತ್ತು. ಮಾತಾಯಿತು. ಟೀಚರಮ್ಮ ಶಾಲೆಯಿಂದ ಬರುವವರೆಗೆ ಗೋಪಮ್ಮ ಕೂಸು ನೋಡಬೇಕು, ಹನ್ನೆರಡಕ್ಕೆ ಕಾಲೇಜಿಗೆ ಹೋಗಬೇಕು, ಸಂಜೆ ಬಂದಮೇಲೆ ಮತ್ತೆ ಕೂಸು. ಊಟ, ವಸತಿ, ಹಬ್ಬಕ್ಕೆ ಬಟ್ಟೆ ಅವರದು. "ಕೆಲಸದಾಕಿ ಅಂತ ಅಲ್ಲ ಮಾಸ್ತರ್, ಮನಿ ಹುಡುಗಿ ಇದ್ದಂಗ ಇರಲಿ" ಎಂದು ಖತೀಜಾ ಬೀ ಹೇಳಿ ಕಳಿಸಿದ್ದಳು.

ಹೊರಡುವ ದಿನ ಮಾಸ್ತರರು ಗೋಪಮ್ಮನನ್ನು ಕರೆದು ಬುದ್ಧಿ ಹೇಳಿದರು. "ಮಂದಿ ಮನಿ ಅದು. ಅವರ ಪಾತ್ರಿ ಪಡಗ ಮುಟ್ಟಬ್ಯಾಡ. ನಿನ್ನ ತಾಟು, ನಿನ್ನ ಗ್ಲಾಸು ನೀನೇ ಒಯ್ಯಿ. ದೂರ ಕುಂತು ಉಣ್ಣು. ಯಾರೂ ಒಂದ ಮಾತು ಅನ್ನಬಾರದು, ತಿಳೀತಾ?"

ಒಳ್ಳೆಯ ಮನುಷ್ಯರೇ, ಇಲ್ಲವೆನ್ನುವುದಿಲ್ಲ. ಆದರೆ ಆ ಒಳ್ಳೆಯ ಮನುಷ್ಯರೂ ತಮ್ಮ ಅಂಗಳದಲ್ಲಿ ಗೋಪಮ್ಮನ ಬೊಗಸೆಗೆ ನೀರನ್ನು ಮೇಲಿಂದಲೇ ಸುರಿಯುತ್ತಿದ್ದರು. ಇಷ್ಟೆಲ್ಲಾ ಹೇಳುತ್ತಾರೆಂದರೆ ತಾನು ಯಾವ ಕೇರಿಯವಳೆಂದು ಆ ಮನೆಗೂ ಹೇಳಿಯೇ ಇರುತ್ತಾರೆ ಎಂದುಕೊಂಡಳು ಹುಡುಗಿ. ಮಾಸ್ತರರು ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಬೇಡ ಅಂದುಬಿಟ್ಟಾರೋ ಎಂದು "ಬಡವರ ಹುಡುಗಿ, ಶಾಣ್ಯಾ ಅದಾಳ" ಎಂದಷ್ಟೇ ಹೇಳಿ ಮಾತು ಮುಗಿಸಿದ್ದರು.

ಯಮನಮ್ಮ ದೇವದುರ್ಗದ ಸಂತೆಯಲ್ಲಿ ಮಗಳಿಗೆಂದು ಅಲ್ಯೂಮಿನಿಯಮ್ಮಿನ ಒಂದು ತಾಟು, ಒಂದು ಗ್ಲಾಸು ಕೊಂಡುಕೊಟ್ಟಳು. ನಮ್ಮ ಕಡೆ ಅದಕ್ಕೆ ಜರ್ಮನ್ ತಾಟು ಅನ್ನುತ್ತಾರೆ. ಆ ತಾಟನ್ನು ಬಟ್ಟೆಯ ಗಂಟಿನಲ್ಲಿ ಸುತ್ತಿಕೊಂಡು ೧೯೭೯ರ ಜೂನಿನಲ್ಲಿ ಗೋಪಮ್ಮ ರಾಯಚೂರಿನ ಬಸ್ಸು ಹತ್ತಿದಳು.

ದೇವದುರ್ಗದಿಂದ ರಾಯಚೂರು ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದಾರಿ. ಆದರೂ ಗೋಪಮ್ಮನಿಗೆ ಆ ಮನೆ ಪರದೇಶವೇ. ಮಾತು ದಖ್ಖನಿ. ಕೂಸು ಅತ್ತರೂ ದಖ್ಖನಿಯಲ್ಲೇ ಅತ್ತಂತೆ ಕೇಳಿಸುತ್ತಿತ್ತು. ಬೆಳಿಗ್ಗೆ ರೊಟ್ಟಿ ಇಲ್ಲ, ಖಿಚಡಿ. ಸಾರು ಅಂದರೆ ಹುಣಸೆಹಣ್ಣಿನ ಹುಳಿ ಹುಳಿ ಬೇಳೆ. ಮೊದಲ ವಾರ ಅವಳು ಕೂಸನ್ನು ಸೊಂಟದ ಮೇಲೆ ಹೊತ್ತು ಹಿತ್ತಲಲ್ಲಿ ನಿಂತು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡಳು. ಎರಡನೇ ವಾರಕ್ಕೆ, ಅತ್ತರೆ ಪಾಠ ತಲೆಗೆ ಹತ್ತುವುದಿಲ್ಲ ಎಂದು ಗೊತ್ತಾಗಿ ಬಿಟ್ಟುಬಿಟ್ಟಳು. ಕೂಸಿನ ಹೆಸರು ಶಮೀಮ್, ಕರೆಯುವುದು ಶಮ್ಮು ಅಂತ. ಆರು ತಿಂಗಳಲ್ಲಿ ಶಮ್ಮು ಗೋಪಮ್ಮನ ಕೈತುತ್ತು ಬಿಟ್ಟು ಬೇರೆಯವರ ಕೈಯಲ್ಲಿ ಉಣ್ಣದಾದಳು. ಗೋಪಮ್ಮನಿಗೆ ದಖ್ಖನಿ ತಿಳಿಯತೊಡಗಿತು. ಟೀಚರಮ್ಮ ಅನ್ನುವುದು ಹೋಗಿ ಆಪಾ, ಅಂದರೆ ಅಕ್ಕ, ಅನ್ನುವುದು ರೂಢಿಯಾಯಿತು.

ಒಂದು ಮಾತ್ರ ಬದಲಾಗಲಿಲ್ಲ. ಊಟದ ಹೊತ್ತಿಗೆ ಗೋಪಮ್ಮ ತನ್ನ ಜರ್ಮನ್ ತಾಟು ಹಿಡಿದು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂರುತ್ತಿದ್ದಳು. ಉಂಡು, ತೊಳೆದು, ಕಿಟಕಿಯ ಮೇಲೆ ಕವುಚಿ ಇಡುತ್ತಿದ್ದಳು. ಗಡಿಗೆಯ ನೀರು ಬೇಕಾದರೆ "ಆಪಾ, ಒಂದೀಟು ನೀರು ಹಾಕ್ರಿ" ಎಂದು ಗ್ಲಾಸು ಒಡ್ಡುವಳೇ ಹೊರತು ತಾನಾಗಿ ಮುಟ್ಟುತ್ತಿರಲಿಲ್ಲ; ಆ ಮನೆಯ ಪಾತ್ರೆಗಳಲ್ಲಿ ಅವಳ ಕೈ ಸೋಕುತ್ತಿದ್ದುದು ಕೂಸಿನ ಬಟ್ಟಲೊಂದಕ್ಕೇ. ಕುಡಿಯುವಾಗಲೂ ಗ್ಲಾಸನ್ನು ತುಟಿಯಿಂದ ಗೇಣುದ್ದ ಮೇಲೆತ್ತಿ ಗಟಗಟ ಸುರಿದುಕೊಳ್ಳುತ್ತಿದ್ದಳು. ಮೊದಮೊದಲು ಖತೀಜಾ ಬೀ, "ಬಾ ಗೋಪಿ, ಇಲ್ಲಿ ಕೂಡು" ಎಂದು ಕರೆದಳು. ಗೋಪಮ್ಮ "ಇರಲಿರೀ ಆಪಾ, ಇಲ್ಲೇ ಛಲೋ ಅದ" ಎಂದು ನಕ್ಕಳು. ಗೊತ್ತಿದ್ದೂ ಕರೆಯುತ್ತಾರಲ್ಲ, ಎಷ್ಟು ದೊಡ್ಡ ಮನಸ್ಸು ಎಂದುಕೊಂಡಳು. ಆ ದೊಡ್ಡ ಮನಸ್ಸಿಗೆ ತನ್ನಿಂದ ಕೆಟ್ಟ ಹೆಸರು ಬರಬಾರದೆಂದು ಇನ್ನೊಂದು ಅಡಿ ಹಿಂದೆ ಸರಿದು ಕೂತಳು. ಕರೆದು ಕರೆದು ಸಾಕಾಗಿ ಖತೀಜಾ ಬೀ ಕರೆಯುವುದನ್ನೇ ಬಿಟ್ಟಳು.

ಒಮ್ಮೆ ಯಮನಮ್ಮ ಮಗಳನ್ನು ನೋಡಲು ಶೇಂಗಾದ ಗಂಟು ಹೊತ್ತು ಬಂದಿದ್ದಳು. ಖತೀಜಾ ಬೀ ಶಾಲೆಯಲ್ಲಿದ್ದಳು. ಯಮನಮ್ಮ ಒಳಗೆ ಬರಲೇ ಇಲ್ಲ, ಬಾಗಿಲ ಕೆಳಗಿನ ಮೆಟ್ಟಿಲಲ್ಲಿ ಕೂತು ಬೊಗಸೆ ಒಡ್ಡಿದಳು. ಗೋಪಮ್ಮ ತನ್ನ ಗ್ಲಾಸಿನಲ್ಲಿದ್ದ ನೀರನ್ನು ಮೇಲಿಂದ ಸುರಿದಳು. ಹೆತ್ತ ತಾಯಿಗೆ ಮಗಳೇ ಹಾಗೆ ಸುರಿಯುತ್ತಿದ್ದಾಳೆ ಎಂಬುದು ಇಬ್ಬರಿಗೂ ವಿಚಿತ್ರವೆನಿಸಲಿಲ್ಲ.

ಹೀಗೆ ಒಂದು ವರ್ಷ ಎಂಟು ತಿಂಗಳು ಕಳೆದವು. ಏಪ್ರಿಲಿನಲ್ಲಿ ಕೊನೆಯ ಪರೀಕ್ಷೆ. ಫೆಬ್ರುವರಿಯ ಆ ಶುಕ್ರವಾರ ಉರ್ದು ಶಾಲೆಗೆ ರಜೆ. ಗೋಪಮ್ಮ ಮುಂಬಾಗಿಲ ಕಟ್ಟೆಯ ಮೇಲೆ ಶಮ್ಮುವನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಒಳಗೆ ಖತೀಜಾ ಬೀ ಕೆಂಪು ಗುಂಡಿ ಒತ್ತಿ ದಖ್ಖನಿಯಲ್ಲಿ ಶುರು ಮಾಡಿದಳು. ಮೊದಲು ಸಲಾಮು, ಆಮೇಲೆ ಆರೋಗ್ಯ, ಆಮೇಲೆ ಮೊಳಕಾಲು ನೋವು. ಆಮೇಲೆ ಬಂತು ನೋಡಿ ಆ ಮಾತು.

"ಆ ಹುಡುಗಿಯ ವಿಷಯ ಕೇಳ್ತಿದ್ದೆಯಲ್ಲಾ. ಕೂಸನ್ನು ಛಲೋ ನೋಡ್ತಾಳೆ, ಅದರಲ್ಲಿ ಸುಳ್ಳು ಹೇಳಬಾರದು. ಆದರೆ ನಮ್ಮ ತಾಟು ಮುಟ್ಟೋದಿಲ್ಲ! ನಮ್ಮ ಗ್ಲಾಸಿಗೆ ತುಟಿ ಹಚ್ಚೋದಿಲ್ಲ! ಎರಡು ವರ್ಷ ಆಗ್ತಾ ಬಂತು, ಹಿಂದೂ ಹುಡುಗಿ, ನಾವು ಅವಳಿಗೆ ಹೊಲಸು. ನಾನು ಎಷ್ಟು ಅಂತ ಸಹಿಸಲಿ? ಹೋದ ತಿಂಗಳು ನಮ್ಮಮ್ಮ ಬಂದಾಗ ಕೈಹಿಡಿದು ಕರೆದರೆ ಕೈಮುಗಿದು ಹಿಂದೆ ಸರಿದಳು. ಅಮ್ಮನ ಮುಖ ಸಣ್ಣದಾಯಿತು. ನೀನು ಅಲ್ಲಿ ಯಾವ್ಯಾವುದೋ ದೇಶದವರ ಜೊತೆ ಒಂದೇ ತಾಟಿನಲ್ಲಿ ಉಣ್ತೀನಿ ಅಂತ ಹೇಳ್ತಿ. ಇಲ್ಲಿ ನನ್ನ ಸ್ವಂತ ಮನೆಯಲ್ಲಿ ನಾನು ಹೊಲಸು! ಭಾನುವಾರ ರಜೆ ಹಾಕಿ ಮಾನವಿಗೆ ಹೋಗ್ತೀನಿ. ಅಕ್ಕನ ಮಗಳು ಜೈತೂನಳನ್ನು ಕರೆದುಕೊಂಡು ಬರ್ತೀನಿ, ಇವಳನ್ನು ಅಲ್ಲಿಂದಲೇ ದೇವದುರ್ಗದ ಬಸ್ಸು ಹತ್ತಿಸ್ತೀನಿ!"

ಬಾಚಣಿಗೆ ಗೋಪಮ್ಮನ ಕೈಯಲ್ಲೇ ನಿಂತಿತು. ಎದುರು ಮನೆಯ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿಯೂ ತಲೆಯೆತ್ತಿ ನೋಡಿ, ಮತ್ತೆ ಮೊರದ ಕಡೆ ಬಗ್ಗಿದಳು.

ಹೊಲಸು! ತಾನು ಅವರನ್ನು ಹೊಲಸು ಅಂದೆನೇ? ತನ್ನಿಂದ ಅವರ ತಾಟು ಕೆಡದಿರಲಿ ಎಂದು ಎರಡು ವರ್ಷ ಹೊಸ್ತಿಲು ಸವೆಸಿದ್ದಾಳೆ, ಅದಕ್ಕೆ ಈ ಹೆಸರೇ! ಮೊದಲು ಸಿಟ್ಟು ಬಂತು. ಆಮೇಲೆ ಇನ್ನೊಂದು ಹೊಳೆಯಿತು. ಆಪಾಗೆ ಗೊತ್ತಿಲ್ಲ. ತನ್ನ ಕೇರಿ ಯಾವುದೆಂದು ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಅಯ್ಯೋ, ಎಂಥ ಸಂದಿಗೆ ಸಿಕ್ಕಳು ನೋಡಿ ಹುಡುಗಿ! ಸುಮ್ಮನಿದ್ದರೆ ಭಾನುವಾರ ದೇವದುರ್ಗದ ಬಸ್ಸು. ಬಾಯಿ ಬಿಟ್ಟು ನಿಜ ಹೇಳಿದರೆ, ಯಾರಿಗೆ ಗೊತ್ತು, ಭಾನುವಾರದವರೆಗೂ ಇಟ್ಟುಕೊಳ್ಳಲಿಕ್ಕಿಲ್ಲ. ಎರಡು ತಿಂಗಳಿಗೆ ರಾಯಚೂರಲ್ಲಿ ಬೇರೆ ಯಾರು ಇಟ್ಟುಕೊಳ್ಳುತ್ತಾರೆ? ಅಪ್ಪ ಅವ್ವ ಆಗಲೇ ಕಾಲುವೆ ಕೆಲಸಕ್ಕೆ ಹೋಗಿ ಗುಡಿಸಲು ಹಾಕಿಕೊಂಡಿದ್ದಾರೆ. ಅಲ್ಲಿಗೆ ಹೋದಳೆಂದರೆ ಕೈಗೆ ಬುಟ್ಟಿ ಬರುತ್ತದೆ, ಪರೀಕ್ಷೆ ಇಲ್ಲ, ಸರ್ಟಿಫಿಕೇಟು ಇಲ್ಲ. ಹಾಜರಾತಿ ಹೋಯಿತೆಂದರೆ ಎರಡು ವರ್ಷದ ಓದು ನೀರಲ್ಲಿ ಹೋಯಿತು.

ಶಮ್ಮು ತಿರುಗಿ ನೋಡಿ, "ಗೋಪೀ, ಜಡಿ ಹಾಕು" ಅಂದಳು. ಗೋಪಮ್ಮ ಜಡೆ ಹಾಕಿದಳು. ಅವತ್ತು ಹಾಕಿದಷ್ಟು ಬಿಗಿಯಾದ ಜಡೆ ಆ ಕೂಸಿಗೆ ಎಂದೂ ಹಾಕಿರಲಿಲ್ಲ.

ಖತೀಜಾ ಬೀ ಹೊರಗೆ ಬಂದವಳು ಗೋಪಮ್ಮನ ಮುಖ ನೋಡದೆ ಹೇಳಿದಳು. "ಭಾನುವಾರ ಮಾನವಿಗೆ ಹೋಗೋದದ. ನಮ್ಮ ಅಣ್ಣನ ಕೂಸಿಗೆ ಹೆಸರಿಡೋದು. ನಿನ್ನ ಬಟ್ಟಿ ಅರಬಿ, ಪುಸ್ತಕ ಎಲ್ಲಾ ಕಟ್ಕೋ."

"ಎಲ್ಲಾ ಯಾಕ್ರೀ ಆಪಾ?"

"ಕಟ್ಕೋ ಅಂದೆ."

ಗೋಪಮ್ಮ ಬಟ್ಟೆ ಕಟ್ಟಿದಳು. ಪುಸ್ತಕ ಕಟ್ಟಲಿಲ್ಲ. ಮನೋವಿಜ್ಞಾನದ ನೋಟ್ಸು, ಪಾಠ ಯೋಜನೆಯ ಪುಸ್ತಕ ಎಲ್ಲವನ್ನೂ ತನ್ನ ಗೂಡಿನಲ್ಲಿ ಇದ್ದಲ್ಲೇ ಇರಿಸಿದಳು. ನಾನು ಇಲ್ಲಿಗೆ ವಾಪಸು ಬರುವವಳು, ಇವುಗಳನ್ನು ಹೊತ್ತು ಯಾಕೆ ತಿರುಗಲಿ ಎಂದು ಹಟ ಹಿಡಿದಳು. ಎರಡು ದಿನ ಕೂಸಿಗೆ ಸ್ನಾನ ಮಾಡಿಸುತ್ತಾ, ಕಾಲೇಜಿಗೆ ನಡೆಯುತ್ತಾ ಒಂದೇ ವಿಷಯ ಯೋಚಿಸಿದಳು. ಹೋಗುವುದೇ ಆದರೆ ನಿಜ ಹೇಳಿ ಹೋಗುತ್ತೇನೆ. ಅವರು ಬೇಡವೆಂದರೆ ಅದು ಅವರಿಗೆ ಬಿಟ್ಟದ್ದು. ಉಂಡ ಮನೆಯವರನ್ನು ಹೊಲಸು ಅಂದವಳು ಎಂಬ ಸುಳ್ಳು ಹೊತ್ತುಕೊಂಡು ಮಾತ್ರ ಹೋಗುವುದಿಲ್ಲ. ಮತ್ತೆ, ಮೂಲೆಯಲ್ಲಿ ಪಿಸುಗುಟ್ಟಿ ಹೇಳುವುದೂ ಇಲ್ಲ. ತಾಟಿನ ಜಗಳ ತಾಟಿನ ಮುಂದೆಯೇ ತೀರಲಿ. ಇಷ್ಟು ತೀರ್ಮಾನವಾದ ಮೇಲೆ ಶನಿವಾರ ಅವಳಿಗೆ ಸರಿಯಾಗಿ ಹಸಿವಾಯಿತು.

ಮಾನವಿಯ ಆ ಮನೆ ಜನರಿಂದ ಕಿಕ್ಕಿರಿದಿತ್ತು. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಮಸಾಲೆ ಒಗ್ಗರಣೆಯ ಬಗಾರಾ ಅನ್ನ, ಪಕ್ಕದಲ್ಲಿ ಬೇಳೆ ಸಾರಿನಂಥ ದಾಲ್ಚಾ ಕುದಿಯುತ್ತಿತ್ತು. ಗೋಪಮ್ಮ ಬಟ್ಟೆಯ ಗಂಟನ್ನು ಒಳಗೆ ಒಂದು ಮೂಲೆಗಿಟ್ಟಳು. ತಾಟು ಅದರಲ್ಲೇ ಇತ್ತು. ಜೈತೂನ್ ಎಂಬ ಆ ಹುಡುಗಿ ಆಗಲೇ ರಾಯಚೂರಿಗೆ ಹೊರಡುವ ಸಂಭ್ರಮದಲ್ಲಿ ಬಳೆ ಎಣಿಸುತ್ತಾ ಕೂತಿದ್ದಳು. ಶಮ್ಮು ಅವಳ ಹತ್ತಿರ ಹೋಗಿ ಬಳೆ ಮುಟ್ಟಿದ್ದಕ್ಕೆ ಕೈ ಮೇಲೆ ಒಂದು ಏಟು ಬಿತ್ತು. ಗೋಪಮ್ಮ ಬಾಯಿ ತೆರೆದವಳು ತಡೆದುಕೊಂಡಳು. ಮೊದಲು ತನ್ನ ಕೆಲಸ ಆಗಬೇಕಿತ್ತು.

ಆ ಮನೆತನದಲ್ಲಿ ಒಂದು ಪದ್ಧತಿ. ಹೆಂಗಸರೆಲ್ಲ ಐದಾರು ಜನರಂತೆ ಸುತ್ತ ಕೂತು ಒಂದೇ ದೊಡ್ಡ ತಾಟಿನಲ್ಲಿ ಉಣ್ಣುವುದು. ಕಲಾಯಿ ಮಾಡಿದ ತಾಮ್ರದ ತಾಟು, ಗಾಡಿಯ ಗಾಲಿಯಷ್ಟು ಅಗಲ. ಚಾದರ ಹಾಸಿ ನಡುವೆ ಅದನ್ನಿಟ್ಟು, ಅನ್ನ ಗುಡ್ಡೆ ಹಾಕಿ, ಮೇಲೆ ದಾಲ್ಚಾ ಹೊಯ್ದರು. ಒಂದು ತಾಟಿನ ಸುತ್ತ ಖತೀಜಾ ಬೀ, ಆಕೆಯ ತಾಯಿ, ಚಿಕ್ಕಮ್ಮ ಹುಸೇನ್ ಬೀ, ಜೈತೂನ್ ಕೂತರು. ಹುಸೇನ್ ಬೀಯ ಪಕ್ಕ ಒಂದು ಜಾಗ ಖಾಲಿ ಇತ್ತು. ಯಾರೋ ಗೋಪಮ್ಮನಿಗೆಂದು ಬೇರೆ ಬಡಿಸಲು, "ನಿನ್ನ ತಾಟು ಎಲ್ಲಿ ಅದವ್ವಾ?" ಎಂದು ಕೇಳಿದರು. ಈ ಹುಡುಗಿಯ ರೂಢಿ ಮಾನವಿಯವರೆಗೂ ತಿಳಿದಿತ್ತು.

ಗೋಪಮ್ಮ ತಾಟು ತರಲು ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಆ ಚಾದರದ ಅಂಚಿಗೆ ಬಂದು ನಿಂತಳು.

"ಆಪಾ, ಕೈ ಹಾಕೂದಕ್ಕಿಂತ ಮೊದಲ ಒಂದು ಮಾತದರೀ."

ಖತೀಜಾ ಬೀ ತಲೆಯೆತ್ತಿದಳು.

"ಶುಕ್ರವಾರ ನೀವು ಕ್ಯಾಸೆಟ್ಟಿಗೆ ಹೇಳಿದ್ದು ನಂಗ ಕೇಳ್ತು."

ಖತೀಜಾ ಬೀಯ ಮುಖ ಕೆಂಪಾಯಿತು. "ಕೇಳಿದ್ರ ಕೇಳ್ತು. ನಾ ಸುಳ್ಳು ಹೇಳಿಲ್ಲ."

"ಸುಳ್ಳು ಹೇಳಿಲ್ರೀ, ತಪ್ಪು ತಿಳಿದೀರಿ." ಗೋಪಮ್ಮ ಒಂದೇ ಉಸಿರಿಗೆ ಹೇಳಿದಳು. "ನಾವು ಅರಕೇರಾದಾಗ ಹರಿಜನ ಕೇರ್ಯಾಗ ಇರಾ ಮಂದಿ. ಊರ ಬಾವ್ಯಾಗ ನಮ್ಮ ಕೊಡ ಇಳಿಸಂಗಿಲ್ಲ. ದೇವದುರ್ಗದ ಹೋಟ್ಲಾಗ ನಮಗ ಬ್ಯಾರೆ ಕಪ್ಪು, ಕುಡದು ನಾವೇ ತೊಳದು ಗ್ವಾಡಿ ಮ್ಯಾಲ ಇಡಬೇಕು. ಮಾಸ್ತರು ನಿಮಗ ಇದೆಲ್ಲಾ ಹೇಳ್ಯಾರ ಅಂತ ತಿಳಿದಿದ್ದೆ. ನೀವು ಹೊಲಸು ಅಂತ ನಾ ದೂರ ಕೂಡಲಿಲ್ರೀ. ನನ್ನಿಂದ ನಿಮ್ಮ ತಾಟು ಕೆಡಬಾರದು ಅಂತ ಕುಂತೆ. ಈಗ ನಿಮಗ ಗೊತ್ತಾತು. ಬ್ಯಾಡ ಅಂದ್ರ ಹೋಗ್ತೀನಿ. ಆದ್ರ ನಿಮ್ಮನ್ನ ಹೊಲಸು ಅಂದಾಕಿ ಅನ್ನಿಸ್ಕೊಂಡು ನಾ ಹೋಗಂಗಿಲ್ಲ."

ಹುಸೇನ್ ಬೀ ತುತ್ತು ಕಲಸುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೆರಳಿಗಂಟಿದ ಅನ್ನವನ್ನು ತಾಟಿನ ಅಂಚಿಗೆ ಒರೆಸಿ, ಮೊಳಕಾಲು ಹಿಡಿದು ಎದ್ದು, ಏನೂ ಅನ್ನದೆ ಆಚೆಯ ತಾಟಿಗೆ ಹೋಗಿ ಕೂತಳು. ಗೋಪಮ್ಮ ಅದನ್ನು ನೋಡಿದಳು. ಬಾವಿಯ ಹತ್ತಿರ, ಹೋಟೆಲಿನ ಹತ್ತಿರ ನೋಡಿದ್ದೇ. ಮುಗಿಯಿತು ಎಂದುಕೊಂಡಳು. ಕಾಲು ಮಾತ್ರ ಕೀಳಲಿಲ್ಲ. ಆಪಾ ಬಾಯಿ ಬಿಟ್ಟು ಹೋಗು ಅನ್ನುವವರೆಗೆ ಅಲ್ಲಿಂದ ಕದಲಬಾರದು ಎಂದು ನಿಂತಳು.

ಖತೀಜಾ ಬೀ ಎದ್ದುಹೋದ ಚಿಕ್ಕಮ್ಮನನ್ನೂ ಎದುರು ನಿಂತ ಹುಡುಗಿಯನ್ನೂ ನೋಡಿದಳು.

ಅಷ್ಟರಲ್ಲಿ ಶಮ್ಮು ಎಲ್ಲಿಂದಲೋ ಓಡಿಬಂದಳು. ಊಟದ ಹೊತ್ತು, ತಾಟು ಕಂಡಿತು, ಗೋಪಮ್ಮ ಕಂಡಳು, ಅವಳಿಗೆ ಇನ್ನೇನು ಬೇಕು. ಗೋಪಮ್ಮನ ಸೀರೆ ಹಿಡಿದು ಜಗ್ಗಿ, ಬಾಯಿ ಅಗಲಿಸಿ ನಿಂತಳು. ಜೈತೂನ್, "ಬಾ, ನಾ ಉಣಿಸ್ತೀನಿ" ಎಂದು ಒಂದು ತುತ್ತು ಮುಂದೆ ಹಿಡಿದಳು. ಶಮ್ಮು ಮುಖ ತಿರುಗಿಸಿ ಮತ್ತೆ ಗೋಪಮ್ಮನ ಕಡೆಗೇ ಬಾಯಿ ತೆರೆದಳು.

"ಕೂಡು" ಅಂದಳು ಖತೀಜಾ ಬೀ.

ಗೋಪಮ್ಮನಿಗೆ ಅರ್ಥವಾಗಲಿಲ್ಲ.

"ಕೂಡು ಅಂದೆ! ಕೂಸು ಬಾಯಿ ತಕ್ಕೊಂಡು ನಿಂತದ, ಕಾಣಂಗಿಲ್ಲಾ? ಎರಡ ವರ್ಷ ಈ ಕೈಲೇ ನನ್ನ ಮಗಳಿಗೆ ಮೂರು ಹೊತ್ತು ಉಣಿಸಿದಿ. ಅವಾಗ ಕೆಡಲಿಲ್ಲ, ಇವತ್ತು ಈ ತಾಮ್ರದ ತಾಟು ಕೆಡ್ತದಾ? ಇಷ್ಟು ದಿನ ನನ್ನ ಮನ್ಯಾಗ ಇದ್ದು ನನ್ನ ಬಗ್ಗೆ ಇಷ್ಟೇನಾ ನೀ ತಿಳಿದದ್ದು?" ಬೈಯುತ್ತಿದ್ದಂತೆಯೇ ಆಕೆಯ ಕಣ್ಣಲ್ಲಿ ನೀರು ಬಂತು. "ಒಂದ ಸಲ ಹೇಳಾಕ ಏನಾಗಿತ್ತು ನಿಂಗ?"

"ನೀವೂ ಒಂದ ಸಲ ಕೇಳಲಿಲ್ಲಲ್ರೀ ಆಪಾ."

ಬಂದೇ ಬಿಟ್ಟಿತು ಆ ಮಾತು ಬಾಯಿಂದ. ಗೋಪಮ್ಮ ಹೆದರಿದಳು. ಖತೀಜಾ ಬೀ ಸೆರಗಿನಿಂದ ಮೂಗೊರೆಸಿಕೊಂಡು, "ಹೂಂ. ನಾನೂ ಕೇಳಲಿಲ್ಲ" ಅಂದಳು.

ಆಕೆಯ ತಾಯಿ ಕೈ ಚಾಚಿ, ಹುಸೇನ್ ಬೀ ಎದ್ದುಹೋದ ಜಾಗವನ್ನು ಅಂಗೈಯಿಂದ ತಟ್ಟಿದಳು. ಗೋಪಮ್ಮ ಕೂತಳು. ಕೈ ತೊಳೆದುಕೊಂಡು ದೊಡ್ಡ ತಾಟಿಗೆ ಕೈ ಹಾಕಿದಳು. ಅನ್ನ ಬಿಸಿ ಇತ್ತು. ಮೊದಲ ತುತ್ತು ಶಮ್ಮುವಿಗೆ. ಎರಡನೆಯದನ್ನು ಹಿಡಿದು ಅವಳು ತಡವರಿಸುತ್ತಿರುವುದನ್ನು ಕಂಡು ಖತೀಜಾ ಬೀ ಅವಳ ಮುಂದಿನ ಅನ್ನಕ್ಕೇ ಕೈ ಹಾಕಿ ಒಂದು ದೊಡ್ಡ ತುತ್ತು ಕಲಸಿ ತಾನು ಬಾಯಿಗಿಟ್ಟುಕೊಂಡಳು. ಆಮೇಲೆ ಗೋಪಮ್ಮನೂ ಉಂಡಳು. ಹುಸೇನ್ ಬೀ ಅವತ್ತಷ್ಟೇ ಅಲ್ಲ, ಮುಂದೆಂದೂ ಅವಳ ಜೊತೆ ಉಣ್ಣಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲರೂ ಒಂದೇ ದಿನಕ್ಕೆ ಬದಲಾದರು ಎಂದು ಹೇಳಿದರೆ ನೀವೇನು ನಂಬುತ್ತೀರಾ?

ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದವರು ಮೂವರೇ. ಜೈತೂನ್ ಮುಖ ಊದಿಸಿಕೊಂಡು ಮಾನವಿಯ ಬಾಗಿಲಲ್ಲೇ ಉಳಿದಳು. ಮನೆಗೆ ಬಂದು ಗೋಪಮ್ಮನ ಗೂಡು ನೋಡಿದ ಖತೀಜಾ ಬೀ ಸೊಂಟದ ಮೇಲೆ ಕೈಯಿಟ್ಟಳು.

"ಪುಸ್ತಕಾನೂ ಕಟ್ಕೋ ಅಂದಿದ್ನಲ್ಲಾ?"

"ವಾಪಸ್ ಬರಾಕಿ ಅದೀನಿ ಅಂತ ಕಟ್ಟಲಿಲ್ರೀ."

"ಎಂಥಾ ಹಟಮಾರಿ ಅದೀ ಬೇ ನೀನು!" ಎಂದು ಖತೀಜಾ ಬೀ ನಕ್ಕುಬಿಟ್ಟಳು.

ಆ ಕ್ಯಾಸೆಟ್ಟು ಇನ್ನೂ ಅಂಚೆಗೆ ಬಿದ್ದಿರಲಿಲ್ಲ. ಮರುದಿನ ಶಾಲೆಯಿಂದ ಬಂದವಳೇ ಖತೀಜಾ ಬೀ ಅದನ್ನು ಹಿಂದಕ್ಕೆ ತಿರುಗಿಸಿ, ಹಳೆಯ ಮಾತಿನ ಮೇಲೆಯೇ ಹೊಸದನ್ನು ತುಂಬಿಸಿದಳು. "ಕೇಳಿಸ್ಕೋ, ನಿನ್ನ ಹೆಂಡತಿ ಕತ್ತೆ! ದೊ‌ಡ್ಡ ಕತ್ತೆ!" ಎಂಬಲ್ಲಿಂದ ಶುರುವಾಗಿ ಅರ್ಧ ತಾಸು ನಡೆಯಿತು. ಗಲ್ಲಿಯೆಲ್ಲಾ ಕೇಳಿತು. ಎದುರು ಮನೆಯ ಮುದುಕಿ ಮೊರ ಬದಿಗಿಟ್ಟು ಪೂರ್ತಿ ಕೇಳಿದಳು. ಪರಮಣ್ಣ ಮರುದಿನ ಹಾಲು ಅಳೆಯುತ್ತಾ ಗೋಪಮ್ಮನಿಗೆ, "ಏನವಾ, ನಿನ್ನ ಹೆಸರು ಕುವೈತಿಗೆ ಮುಟ್ಟೇತಂತ" ಅಂದ. ಜರ್ಮನ್ ತಾಟನ್ನು ಖತೀಜಾ ಬೀ ಹಿತ್ತಲ ಕೋಳಿಗಳಿಗೆ ಕಾಳು ಹಾಕಲು ಇಟ್ಟಳು.

ಎರಡು ತಿಂಗಳು ಗೋಪಮ್ಮ ಬೆಳಗಿನ ನಾಲ್ಕಕ್ಕೆ ಎದ್ದು ಓದಿದಳು. ಪರೀಕ್ಷೆಯ ದಿನಗಳಲ್ಲಿ ಖತೀಜಾ ಬೀ ರಜೆ ಹಾಕಿ ತಾನೇ ಕೂಸನ್ನು ನೋಡಿಕೊಂಡಳು; ಶಮ್ಮು ತಾಯಿಯ ಕೈಯಲ್ಲಿ ಉಣ್ಣಲೊಲ್ಲೆನೆಂದು ಹಟ ಮಾಡಿ ಆಕೆಯನ್ನು ಅಳಿಸಿದಳು. ಜೂನಿನಲ್ಲಿ ಫಲಿತಾಂಶ ಬಂತು. ಫಸ್ಟ್ ಕ್ಲಾಸ್.

ಸುದ್ದಿ ಕೇಳಿ ಯಮನಮ್ಮ ಕಾಲುವೆ ಕೆಲಸದಿಂದ ನೇರವಾಗಿ ಬಂದಳು. ಕಾಲಿಗೆ ಕೆಂಪು ಮಣ್ಣು ಹಾಗೇ ಇತ್ತು. ಬಂದವಳು ಹಿಂದೆ ಕೂತ ಅದೇ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಮಗಳ ಗಲ್ಲ ಹಿಡಿದು, ಲಟಿಕೆ ಮುರಿದು, ಒಂದಿಷ್ಟು ಅತ್ತು, ಆಮೇಲೆ ಬಿಸಿಲಿನ ನೆನಪಾಗಿ ಬೊಗಸೆ ಒಡ್ಡಿದಳು.

"ನೀರು ಹಾಕವ್ವಾ, ಗಂಟಲು ಒಣಗೇತಿ."

ಗೋಪಮ್ಮ ಒಳಗೆ ಹೋಗಿ ಖತೀಜಾ ಬೀ ದಿನಾ ಕುಡಿಯುವ ಸ್ಟೀಲಿನ ಗ್ಲಾಸಿನಲ್ಲಿ ನೀರು ತಂದಳು. ಯಮನಮ್ಮ ಬೊಗಸೆಯನ್ನು ಇನ್ನಷ್ಟು ಮುಂದೆ ಚಾಚಿದಳು. ಗೋಪಮ್ಮ ಸುರಿಯಲಿಲ್ಲ. ಮೆಟ್ಟಿಲಿಳಿದು ಪಕ್ಕದಲ್ಲಿ ಕೂತು, ತಾಯಿಯ ಎರಡು ಕೈಗಳನ್ನು ಬಿಡಿಸಿ ನಡುವೆ ಗ್ಲಾಸನ್ನು ಇಟ್ಟಳು.

"ಹಾಕಂಗಿಲ್ಲವ್ವಾ. ಹಿಡಕೊಂಡು ಕುಡಿ."

ಯಮನಮ್ಮ ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಖತೀಜಾ ಬೀ ಶಮ್ಮುವನ್ನು ಎತ್ತಿಕೊಂಡು ನಿಂತಿದ್ದಳು. "ಕುಡೀರಿ ಯವ್ವಾ" ಅಂದಳು.

ಯಮನಮ್ಮ ಗ್ಲಾಸನ್ನು ಎತ್ತಿದಳು. ಎತ್ತಿದ್ದು ತುಟಿಯ ಮೇಲೆ ಗೇಣುದ್ದ. ಗೋಪಮ್ಮ ತಾಯಿಯ ಮೊಳಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ತುಟಿ ಹಚ್ಚು ಯವ್ವಾ."

ಗ್ಲಾಸಿನ ಅಂಚು ಹಲ್ಲಿಗೆ ತಾಗಿ ಕಟಕಟ ಅಂದಿತು. ನೀರು ಗದ್ದದ ಮೇಲೆ ಒಂದಿಷ್ಟು ಚೆಲ್ಲಿತು. ಯಮನಮ್ಮ ಕಣ್ಣು ಮುಚ್ಚಿ, ಎಲ್ಲಿಯೂ ನಿಲ್ಲಿಸದೆ, ಪೂರ್ತಿ ಕುಡಿದಳು. ಕುಡಿದ ಮೇಲೂ ಗ್ಲಾಸನ್ನು ಕೆಳಗಿಡಲಿಲ್ಲ. ಒಳಗೆ ಇಣುಕಿ ನೋಡಿದಳು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಆಮೇಲೆ ಮಗಳ ಮುಂದೆ ಹಿಡಿದಳು.

"ನೀರಡಿಕಿ ಹೋತು" ಅಂದಳು. "ಆದ್ರೂ ಇದರಾಗೇ ಇನ್ನೊಂದು ಗ್ಲಾಸು ನೀರು ತಂದುಕೊಡವ್ವಾ."